ನಡುವೆ ಬಾಯಿ ಹಾಕಬೇಡಿ

ನಮ್ಮ ಚಿಕ್ಕಮ್ಮನಿಗೆ ಉಗ್ಗು ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರ ಪರಿಚಯವಾದ ಕೂಡಲೇ ಅವಳೂ ಇದನ್ನೇ ಹೇಳುತ್ತಾಳೆ, ಅದನ್ನೂ ಉಗ್ಗುತ್ತಲೇ ಹೇಳುತ್ತಾಳೆ. ಕೇಳಿದವರು ‘ಅಯ್ಯೋ ಪಾಪ’ ಎಂಬಂತೆ ಮುಖ ಮಾಡಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ನನಗೂ ಉರಿಯುತ್ತದೆ. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ನಯವಾಗಿ ಬರಲಿಲ್ಲ ಎಂದು ಯಾರೂ ತಪ್ಪು ತಿಳಿಯಬಾರದು.

ಅವಳು ಅಮ್ಮನ ಕೊನೆಯ ತಂಗಿ. ಅಮ್ಮನಿಗೂ ಅವಳಿಗೂ ವಯಸ್ಸಿನಲ್ಲಿ ಎಷ್ಟು ಅಂತರವೆಂದರೆ, ಬೀದಿಯಲ್ಲಿ ನೋಡಿದವರು ಅವಳನ್ನು ನನ್ನ ಅಕ್ಕ ಎಂದುಕೊಳ್ಳುತ್ತಾರೆ. ಮನೆಯಲ್ಲಿ ತಾತ, ಅಮ್ಮ, ಅವಳು, ನಾನು. ಅಪ್ಪ ಕೆಲಸದ ಮೇಲೆ ಸದಾ ಊರೂರು ಸುತ್ತುತ್ತಿದ್ದರಿಂದ ಮನೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ತಾತ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ತಾವು ಬಾವುಟ ಬೀಸಿದರೆ ಮನೆ ಹೊರಡಬೇಕು, ತಾವು ಸೀಟಿ ಊದಿದರೆ ನಿಲ್ಲಬೇಕು ಎಂಬುದು ಅವರ ನಂಬಿಕೆ. ಚಿಕ್ಕಮ್ಮ ಶಾಲೆ ಮುಗಿಸಿದ ವರ್ಷ ಅವರು ಬಾವುಟ ಬೀಸಿ ಅವಳನ್ನು ಗೆಳೆಯರೊಬ್ಬರ ಕನ್ನಡಕದಂಗಡಿಗೆ ಕಳಿಸಿದರು.

“ಮಾತಿಲ್ಲದ ಕೆಲಸ. ನಿನಗೆ ಹೇಳಿ ಮಾಡಿಸಿದ ಹಾಗಿದೆ,” ಎಂದರು.

ಅಂಗಡಿಯ ಹಿಂದೆ ಒಂದು ಇಕ್ಕಟ್ಟಾದ ಕೋಣೆ. ಕಿಟಕಿಯಿಲ್ಲ. ಮುಂದೆ ಗಾಜಿನ ಅಂಚು ಉಜ್ಜುವ ಯಂತ್ರ, ಅದರ ಮೇಲೆ ಸಣ್ಣದಾಗಿ ಬೀಳುವ ನೀರು, ಮುಂಗೈವರೆಗೂ ಮೆತ್ತಿಕೊಳ್ಳುವ ಬಿಳಿಯ ಕೆಸರು. ಕೋಣೆಗೂ ಅಂಗಡಿಗೂ ನಡುವೆ ಬರೀ ಒಂದು ಪರದೆ. ಆ ಬೀದಿಗೆ ಎಲ್ಲೆಲ್ಲಿಂದಲೋ ಕೆಲಸ ಹುಡುಕಿಕೊಂಡು ಬಂದವರು ತುಂಬಿದ್ದರು. ಮಾಲೀಕರು, ಅಂದರೆ ನಮ್ಮ ಕನ್ನಡಕದ ಮಾಮ, ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ಒದ್ದಾಡುತ್ತಿದ್ದರೆ ಪರದೆಯ ಹಿಂದೆ ಕುಳಿತ ಇವಳಿಗೆ ನಾಲ್ಕಾರು ಭಾಷೆಗಳು ಕಿವಿಗೆ ಬಿದ್ದು ಬಿದ್ದು ಅರ್ಥವಾಗತೊಡಗಿದವು. ಹಾಗಂತ ಅವಳು ಪರದೆ ಸರಿಸಿ ಹೊರಗೆ ಬರುವಂತಿರಲಿಲ್ಲ. ಗಿರಾಕಿಗಳಿಗೆ ಕಿರಿಕಿರಿಯಾಗುತ್ತದೆ ಎಂದು ಮಾಮ ಮೊದಲ ದಿನವೇ ಕಡ್ಡಿ ತುಂಡಾದಂತೆ ಹೇಳಿದ್ದರು. ಎಂಥ ಒಳ್ಳೆಯ ಮನುಷ್ಯರಾದರೂ ಈ ಮಾತಿಗೆ ಅವರನ್ನು ನಾನು ಕ್ಷಮಿಸಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದಿರಬೇಕು. ನಾನು ಶಾಲೆಯ ಕೊನೆಯ ತರಗತಿಗೆ ಬಂದಾಗ, ಮುಂದೇನು ಓದಬೇಕು ಎಂದು ನೋಡಿಕೊಂಡು ಬರಲು ನಮ್ಮ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ವರ್ಷಕ್ಕೊಮ್ಮೆ ಅಲ್ಲಿನ ಬಾಗಿಲುಗಳೆಲ್ಲ ತೆರೆದಿರುತ್ತವೆ, ಯಾರು ಬೇಕಾದರೂ ಒಳಗೆ ನುಗ್ಗಿ ಎಲ್ಲವನ್ನೂ ಮುಟ್ಟಿ ನೋಡಬಹುದು. ಅಮ್ಮನಿಗೆ ಬಿಡುವಿರಲಿಲ್ಲ. ಚಿಕ್ಕಮ್ಮನನ್ನು ಜೊತೆಗೆ ಅಟ್ಟಿದಳು.

ನರ್ಸಿಂಗ್ ವಿಭಾಗದಲ್ಲಿ ರಬ್ಬರಿನ ಕೈಗೆ ಸೂಜಿ ಚುಚ್ಚಿದೆವು. ನಾನು ಚುಚ್ಚಿದ ಕೈ ಜೀವಂತವಾಗಿದ್ದಿದ್ದರೆ ಪೊಲೀಸರಿಗೆ ಫೋನು ಮಾಡುತ್ತಿತ್ತು. ಫಿಸಿಯೋಥೆರಪಿಯವರು ನಮ್ಮನ್ನು ಎರಡು ಕಂಬಿಗಳ ನಡುವೆ ನಡೆಸಿದರು. ದಂತ ವಿಭಾಗದಲ್ಲಿ ಸಾಲಾಗಿಟ್ಟಿದ್ದ ಸುಣ್ಣದ ದವಡೆಗಳು ನಮ್ಮನ್ನು ನೋಡಿ ಹಲ್ಲು ಕಿರಿದವು. ನಾಟಕದ ಸಭಾಂಗಣ, ಚಿತ್ರಕಲೆಯ ಕೋಣೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಪರಭಾಷೆ ಕಲಿಸುವ ಲ್ಯಾಬು, ಎಲ್ಲ ಸುತ್ತಿ ಕಾಲು ಸೋತು, ಕೂರಲು ಕುರ್ಚಿ ಇದೆಯೆಂಬ ಒಂದೇ ಕಾರಣಕ್ಕೆ ಸ್ಪೀಚ್ ಥೆರಪಿಯ ಕೋಣೆಗೆ ಹೋದೆವು.

ಅಲ್ಲಿ ಬಿಳಿ ಕೂದಲಿನ ಒಬ್ಬ ಮೇಡಂ ಕುಳಿತಿದ್ದರು. ಅವರೆದುರು, ಹಿಂದೆ ಕ್ರೇನ್ ನಡೆಸುತ್ತಿದ್ದ ಒಬ್ಬ ಮುದುಕ. ಪಾರ್ಶ್ವವಾಯು ಹೊಡೆದು ಅವನ ಮಾತೆಲ್ಲ ಹೋಗಿ ‘ನಾಳೆ’ ಎಂಬ ಒಂದು ಪದ ಮಾತ್ರ ಉಳಿದಿತ್ತಂತೆ. ಮೇಡಂ ಅವನಿಗೆ ಒಂದು ಲೋಟದ ಚಿತ್ರ ತೋರಿಸಿದರು. “ನಾಳೆ,” ಎಂದ. ನೋಡಲು ಬಂದವರಲ್ಲಿ ಒಂದಿಬ್ಬರು ಕಿಸಕ್ಕೆಂದರು. ಅವನು ತಲೆಯಾಡಿಸಿದ, ಅದಲ್ಲ ಎಂದು ಅವನಿಗೂ ಗೊತ್ತು. ಮೇಡಂ ಸುಮ್ಮನೆ ಕಾದರು. ಹೇಳಿಕೊಡಲಿಲ್ಲ, ಗಡಿಯಾರ ನೋಡಲಿಲ್ಲ, ಮುಖದಲ್ಲಿ ಕರುಣೆಯನ್ನೂ ತಂದುಕೊಳ್ಳಲಿಲ್ಲ. ನನಗೆ ಆಕಳಿಕೆ ಬರುವಷ್ಟು ಹೊತ್ತಾದ ಮೇಲೆ ಆ ಮುದುಕ “ಲೋ…” ಎಂದ, ಮತ್ತೆ “ಲೋಟ” ಎಂದ.

ಚಿಕ್ಕಮ್ಮ ನನ್ನ ಮಣಿಕಟ್ಟನ್ನು ಹಿಡಿದ ಗುರುತು ಸಂಜೆಯವರೆಗೂ ಹೋಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, “ಇದು ಕೆ-ಕೆ-ಕೆಲಸವಾ? ಕಾ-ಕಾಯೋದಕ್ಕೆ ಸಂಬಳ ಕೊಡ್ತಾರಾ?” ಎಂದು ಕೇಳಿದಳು. ನಾನು ಹೌದೆಂದೆ.

ಊಟದ ಹೊತ್ತಿಗೆ ಬಾಂಬು ಹಾಕಿದಳು. ತಾನು ಆ ಕೋರ್ಸಿಗೆ ಸೇರುತ್ತೇನೆ ಎಂದಳು. ತಾತ ತಟ್ಟೆಯಿಂದ ಕೈ ಎತ್ತಿದರು.

“ನಿನಗೇ ಮಾತು ಸರಿಯಾಗಿ ಬರಲ್ಲ. ಇನ್ನೊಬ್ಬರಿಗೆ ಏನಂತ ಕಲಿಸ್ತೀಯಾ?”

“ಉ-ಉಗ್ಗೋದು ಹೇಗೆ ಅಂತ ಕ-ಕಲಿಸ್ತೀನಿ.”

ತಾತ ತಟ್ಟೆ ಸರಿಸಿ ಎದ್ದುಹೋದರು. ಅಮ್ಮ ಅತ್ತಳು, ಮಾಮ ಬಂದು ಬುದ್ಧಿ ಹೇಳಿದರು, ಬೀದಿಯವರು ಮೂಗು ಮುರಿದರು. ಚಿಕ್ಕಮ್ಮ ಯಾರಿಗೂ ಸೊಪ್ಪು ಹಾಕಲಿಲ್ಲ. ನಾನು ಭಾಷಾ ವಿಭಾಗದಲ್ಲಿ ದುಭಾಷಿಯ ಕೋರ್ಸಿಗೆ ಸೇರಿದ ದಿನವೇ ಅವಳೂ ಸ್ಪೀಚ್ ಥೆರಪಿಗೆ ಸೇರಿದಳು. ತರಗತಿಯಲ್ಲಿ ಮೊದಲ ದಿನ ಅವಳನ್ನು ನೋಡಿ ಮಕ್ಕಳು ಟೀಚರೆಂದುಕೊಂಡು ಎದ್ದು ನಿಂತರಂತೆ. ಕೂರಿಸಲು ಹೋಗಲಿಲ್ಲವಂತೆ ಇವಳು, ಸ್ವಲ್ಪ ಹೊತ್ತು ನಿಂತಿರಲಿ ಎಂದು.

ಆ ವಿಶ್ವವಿದ್ಯಾಲಯದಲ್ಲಿ ಒಂದು ಪದ್ಧತಿ. ರೋಗಿಗಳ ಜೊತೆ ಕೆಲಸ ಮಾಡುವ ಯಾವ ಕೋರ್ಸಿಗೆ ಸೇರಿದರೂ ಜೊತೆಗೆ ಒಂದು ಪರಭಾಷೆಯನ್ನೂ ಒಂದು ಕಲೆಯನ್ನೂ ಕಲಿಯಲೇಬೇಕು. ಭಾಷೆ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು, ಪರದೆಯ ಹಿಂದೆಯೇ ಅರ್ಧ ಕಲಿತಿದ್ದಳಲ್ಲ. ಕಲೆಗೆ ಹಾಡು, ಕುಣಿತ, ಚಿತ್ರ, ಬೇಕಾದಷ್ಟಿದ್ದವು. ಇವಳು ಬೇಕೆಂದೇ ನಾಟಕ ಆರಿಸಿಕೊಂಡಳು.

ವರ್ಷದ ಕೊನೆಗೆ ಅವಳಿಗೆ ಒಬ್ಬ ಸಿಡುಕಿನ ಮಹಾರಾಣಿಯ ಪಾತ್ರ ಸಿಕ್ಕಿತು. ನಾವು ಮೂವರೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆವು. ಅಮ್ಮ ಮೊದಲೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಪರದೆ ಎದ್ದಿತು, ಚಿಕ್ಕಮ್ಮ ಸಿಂಹಾಸನದಿಂದ ಇಳಿದು ಬಂದು ಮಂತ್ರಿಯನ್ನು ಬೈಯತೊಡಗಿದಳು. ಒಂದು ಕಡೆಯೂ ಎಡವಲಿಲ್ಲ. ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ. ಮಂತ್ರಿಯ ಪಾತ್ರದ ಹುಡುಗನಿಗೇ ದಿಕ್ಕು ತಪ್ಪಿ ತನ್ನ ಮಾತು ಮರೆತುಹೋಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ತಾತ “ವಾಸಿಯಾಯ್ತು ಬಿಡು, ವಾಸಿಯಾಯ್ತು” ಎನ್ನುತ್ತಲೇ ಇದ್ದರು. ಬಾಗಿಲು ತೆಗೆದು ಒಳಗೆ ಬಂದ ಚಿಕ್ಕಮ್ಮ ಚಪ್ಪಲಿ ಬಿಟ್ಟು, “ಅ-ಅ-ಅಕ್ಕ, ಕುಡಿಯೋಕೆ ನೀ-ನೀರು ಕೊಡು,” ಎಂದಳು. ಅಮ್ಮನ ಮುಖ ಇಳಿದುಹೋಯಿತು. ನೀರು ಕೊಟ್ಟಳು, ಆದರೆ ಏನೋ ಕಳೆದುಕೊಂಡವಳಂತೆ ಕೊಟ್ಟಳು. ಅದನ್ನು ನೋಡಿ ಚಿಕ್ಕಮ್ಮನಿಗೆ ನೋವಾಯಿತು.

ಬಿಳಿ ಕೂದಲಿನ ಮೇಡಂ ಆಮೇಲೆ ನನಗೆ ತಿಳಿಸಿ ಹೇಳಿದರು: ಉಗ್ಗುವ ಅನೇಕರು ಬೇರೊಬ್ಬರಾಗಿ ಮಾತಾಡುವಾಗ ಉಗ್ಗುವುದಿಲ್ಲ, ತಾವು ತಾವಾದ ಕೂಡಲೇ ಉಗ್ಗು ಮರಳುತ್ತದೆ, ಇದರಲ್ಲಿ ಮಾಯ ಮಂತ್ರವೇನಿಲ್ಲ. ಆದರೆ ಈ ಸುದ್ದಿ ವಿಭಾಗದ ಮುಖ್ಯಸ್ಥರ ಕಿವಿಗೂ ಬಿತ್ತು. ಮುಖ್ಯಸ್ಥರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಇಸ್ತ್ರಿ ಸರ್. ಅವರ ಅಂಗಿಯಲ್ಲೂ ಮಾತಿನಲ್ಲೂ ಒಂದು ಸುಕ್ಕೂ ಕಾಣುತ್ತಿರಲಿಲ್ಲ. ಅವರು ಚಿಕ್ಕಮ್ಮನನ್ನು ಕರೆಸಿ ಕೂರಿಸಿದರು.

“ಕೊನೇ ಪರೀಕ್ಷೇಲಿ ಥೆರಪಿಸ್ಟಿನ ಮಾತು ರೋಗಿಗೆ ಮಾದರಿಯಾಗಿರಬೇಕು, ಎಲ್ಲೂ ತಡೆಯದೆ ಬರಬೇಕು. ಅದು ನಿಯಮ. ನಿನ್ನ ಈ ಮಾತಲ್ಲಿ ಪಾಸು ಮಾಡೋಕೆ ನನ್ನಿಂದಾಗಲ್ಲ. ಆದರೆ ನಾಟಕದಲ್ಲಿ ಬರುತ್ತಲ್ಲ. ಥೆರಪಿಸ್ಟಿನ ಪಾತ್ರ ಮಾಡು. ಅಷ್ಟೇ ತಾನೇ.”

ಮನೆಯಲ್ಲಿ ಎಲ್ಲರಿಗೂ ಇದು ಸರಿಯೆನ್ನಿಸಿತು. “ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದರು ತಾತ. ನನಗೂ ಸರಿಯೆನ್ನಿಸಿತ್ತು. ಚಿಕ್ಕಮ್ಮ ನಾಟಕದ ಮೇಷ್ಟ್ರ ಜೊತೆ ಕುಳಿತು ಪಾತ್ರ ಕಟ್ಟಿದಳು. ಎತ್ತಿ ಕಟ್ಟಿದ ಕೂದಲು, ಬಿಳಿ ಕೋಟು, ತಲೆ ಸ್ವಲ್ಪ ಓರೆ ಮಾಡಿ ನಗುವುದು, ಮಾತಿಗೆ ಮೊದಲು ಪೆನ್ನಿನ ಮುಚ್ಚಳ ಹಾಕುವುದು. ಆ ಹೆಂಗಸು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ನಿಂತಾಗ ನನಗೆ ಯಾರೋ ನೆಂಟರು ಬಂದು ತಳವೂರಿದಂತೆ ಅನ್ನಿಸುತ್ತಿತ್ತು. ಮಾತು ಮಾತ್ರ ಹರಿದು ಬರುತ್ತಿತ್ತು.

ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ವಹಿಸಿಕೊಡುತ್ತಾರೆ, ಪರೀಕ್ಷೆಯೂ ಆ ರೋಗಿಯೊಂದಿಗೇ. ಇವಳಿಗೆ ಬಂದವನು ಒಬ್ಬ ಬಸ್ ಕಂಡಕ್ಟರ್. ಹೊಸದಾಗಿ ಕೆಲಸಕ್ಕೆ ಸೇರಿದ್ದ, ವಿಪರೀತ ಉಗ್ಗು. ಮಾತು ಸಿಕ್ಕಿಕೊಂಡರೆ ಉಗ್ಗುವವರು ಬೇರೊಂದು ಪದ ಹಾಕಿ ಜಾರಿಕೊಳ್ಳುತ್ತಾರೆ. ‘ಬಾ’ ಬರದಿದ್ದರೆ ‘ಇತ್ತ ನಡಿ’ ಎನ್ನಬಹುದು. ಆದರೆ ಬಸ್ ನಿಲ್ದಾಣಕ್ಕೆ ಇರುವುದು ಒಂದೇ ಹೆಸರು. ಅವನಿಗೆ ಅದನ್ನು ಕೂಗಿ ಹೇಳಲಾಗದೆ, ಜನ ತಪ್ಪು ಕಡೆ ಇಳಿದು, ದೂರು ಹೋಗಿ, ಕೆಲಸ ಹೋಗುವ ಹಂತಕ್ಕೆ ಬಂದಿತ್ತು. ಜೊತೆಗೆ ಅವನ ಅಪ್ಪ ಬರುತ್ತಿದ್ದ, ಮಗ ಬಾಯಿ ತೆರೆಯುವ ಮೊದಲೇ ಮಾತು ಮುಗಿಸಿಕೊಡುವ ಮನುಷ್ಯ.

ಮೊದಲ ದಿನ ಚಿಕ್ಕಮ್ಮ ಪಾತ್ರದಲ್ಲೇ ಹೋದಳು. ತಲೆ ಓರೆ ಮಾಡಿ ನಕ್ಕು, ಪೆನ್ನಿನ ಮುಚ್ಚಳ ಹಾಕಿ, ಅರ್ಧ ಗಂಟೆ ಸೊಗಸಾಗಿ ಮಾತಾಡಿದಳು. ಅಪ್ಪ ಮಗನ ಭುಜಕ್ಕೆ ತಿವಿದ.

“ನೋಡೋ, ಮೇಡಂ ಹೇಗೆ ನೀರು ಹರಿದ ಹಾಗೆ ಮಾತಾಡ್ತಾರೆ. ನಿನಗೇನು ಧಾಡಿ?”

ಕಂಡಕ್ಟರ್ ತಲೆ ತಗ್ಗಿಸಿದವನು ಎತ್ತಲೇ ಇಲ್ಲ. ಅಂದು ಸಂಜೆ ಚಿಕ್ಕಮ್ಮ ಮನೆಗೆ ಬಂದು ಕೂದಲು ಬಿಚ್ಚಿ, ಬಿಳಿ ಕೋಟನ್ನು ಕುರ್ಚಿಗೆ ಎಸೆದಳು.

“ನ-ನನ್ನನ್ನು ತೋರಿಸಿ ಅವನಿಗೆ ಬೈ-ಬೈದರು ಕಣೇ. ಚಿಕ್ಕಂದಿನಲ್ಲಿ ನ-ನನಗೆ ಯಾರ‍್ಯಾರನ್ನೋ ತೋರಿಸಿ ಬೈತಿದ್ರಲ್ಲ, ಈಗ ಆ ಯಾರ‍್ಯಾರೋ ನಾ-ನಾನೇ ಆದೆ. ಈ ನಾ-ನಾಟಕ ನನಗೆ ಬೇಡ.”

“ಪರೀಕ್ಷೆ?” ಎಂದಳು ಅಮ್ಮ.

“ನ-ನಾನಾಗೇ ಬರೀತೀನಿ. ನಾನಾಗೇ ಮಾ-ಮಾತಾಡ್ತೀನಿ.”

“ಫೇಲು ಮಾಡ್ತಾರೆ.”

“ಮಾಡಲಿ. ಆ ಹೆಂಗಸು ಪಾಸಾದ್ರೆ ನ-ನನಗೇನು ಬಂತು? ಜೀವನ ಪೂರ್ತಿ ಕೆ-ಕೆಲಸಕ್ಕೆ ಅವಳು ಹೋಗಬೇಕು, ನಾ-ನಾನು ಮತ್ತೆ ಪರದೆ ಹಿಂದೆ ಕೂ-ಕೂರಬೇಕು.”

ಮರುದಿನ ಹೋಗಿ ಚಿಕ್ಕಮ್ಮ ಇಸ್ತ್ರಿ ಸರ್‌ಗೂ ಇದನ್ನೇ ಹೇಳಿದಳು. ಹಾಗಾದರೆ ತಮ್ಮ ಸಹಿ ಸಿಗುವುದಿಲ್ಲ, ಸಹಿಯಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದೆ ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ ಎಂದು ಅವರು ಸುಕ್ಕಿಲ್ಲದ ಮಾತಿನಲ್ಲಿ ತಿಳಿಸಿದರು. ಚಿಕ್ಕಮ್ಮ ಆ-ಆಗಲಿ ಸರ್ ಎಂದು ಎದ್ದು ಬಂದಳು.

ಮುಂದಿನ ವಾರ ಕಂಡಕ್ಟರನಿಗೆ ಹೇಳಿದಳು: “ಹೋ-ಹೋದ ವಾರ ನಿಮ್ಮ ಹತ್ರ ಮಾತಾಡಿದ್ದು ನಾ-ನಾ-ನಾನಲ್ಲ. ಇದು ನಾನು.” ಅವನು ತಲೆ ಎತ್ತಿ ನೋಡಿದ. ಆಮೇಲೆ ನಕ್ಕ. ಅಲ್ಲಿಂದ ಮುಂದಿನ ಅವರ ಪಾಠ ಕೋಣೆಯಲ್ಲಿ ಕಡಿಮೆ, ಬಸ್ಸಿನಲ್ಲಿ ಹೆಚ್ಚು ನಡೆಯಿತು. ರಜೆಯ ದಿನ ಇವಳು ಅವನ ಬಸ್ಸು ಹತ್ತಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಉಗ್ಗನ್ನು ಒತ್ತಿ ಹಿಡಿಯದೆ, ಓಡಿಹೋಗದೆ, ಉಗ್ಗಿಕೊಂಡೇ ಹೆಸರು ಮುಗಿಸಬೇಕು, ಅದೇ ಪಾಠ. ಒಂದು ನಿಲ್ದಾಣ ಅವನು ಕೂಗಬೇಕು, ಒಂದು ಇವಳು. ನಾನೂ ಒಮ್ಮೆ ಹೋಗಿದ್ದೆ. ಕೋಲು ಹಿಡಿದ ಒಬ್ಬ ಯಜಮಾನರು, “ಏನ್ರೀ, ಇಬ್ಬರಿದ್ದೀರಾ?” ಎಂದು ಹಲ್ಲು ಬಿಟ್ಟರು.

“ಹೌ-ಹೌದು. ಒಂದೊಂದು ಹೆಸರೂ ನಾ-ನಾಲ್ಕು ಸಲ ಕೇ-ಕೇಳಿಸುತ್ತೆ. ನೀವು ಇ-ಇಳಿಯೋದು ಮರೆಯಲ್ಲ,” ಎಂದಳು ಚಿಕ್ಕಮ್ಮ. ಬಸ್ಸೆಲ್ಲ ನಕ್ಕಿತು, ಯಜಮಾನರೂ ನಕ್ಕರು. ಕಂಡಕ್ಟರ್ ಮುಂದಿನ ನಿಲ್ದಾಣವನ್ನು ಎಂದಿಗಿಂತ ಜೋರಾಗಿ ಕೂಗಿದ.

ಪರೀಕ್ಷೆಗೆ ಇಬ್ಬರು ಪರೀಕ್ಷಕರು. ಒಬ್ಬರು ಇಸ್ತ್ರಿ ಸರ್, ಇನ್ನೊಬ್ಬರು ಬೇರೆ ದೇಶದಿಂದ ಬಂದ ಹೆಂಗಸು, ನಮ್ಮ ಭಾಷೆ ಬಾರದವರು. ಇಬ್ಬರ ಸಹಿಯೂ ಬೇಕು. ಹೊರಗಿನ ಪರೀಕ್ಷಕಿಗೆ ದುಭಾಷಿ ಬೇಕೆಂದು ನಮ್ಮ ವಿಭಾಗಕ್ಕೆ ಹೇಳಿ ಕಳಿಸಿದರು. ಆ ಭಾಷೆ ಬರುವವಳು ಅಂದು ನಾನೊಬ್ಬಳೇ ಇದ್ದೆ. ಸಂಬಂಧವನ್ನು ಮೊದಲೇ ಹೇಳಿದೆ. ಬೇರೆ ಗತಿಯಿರಲಿಲ್ಲ, ಇಸ್ತ್ರಿ ಸರ್ ಹುಬ್ಬು ಗಂಟಿಕ್ಕಿ ಒಪ್ಪಿದರು. “ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಒಂದು ಮಾತು ಬಿಡಬಾರದು, ಒಂದು ಮಾತು ಸೇರಿಸಬಾರದು,” ಎಂದರು. ದುಭಾಷಿಯ ತರಗತಿಯಲ್ಲೂ ನಮಗೆ ಅದನ್ನೇ ಕಲಿಸಿದ್ದರು. ತಲೆಯಾಡಿಸಿದೆ.

ಪರೀಕ್ಷಕರು ಕೂರುವುದು ಪಕ್ಕದ ಕತ್ತಲೆ ಕೋಣೆಯಲ್ಲಿ. ನಡುವಿನ ಗಾಜು ಅತ್ತ ಕನ್ನಡಿ, ಇತ್ತ ಕಿಟಕಿ. ಮಾತು ಸ್ಪೀಕರಿನಲ್ಲಿ ಕೇಳಿಸುತ್ತದೆ. ಚಿಕ್ಕಮ್ಮ ಜಡೆ ಹಾಕಿಕೊಂಡು, ದಿನವೂ ಉಡುವ ಬಟ್ಟೆಯಲ್ಲೇ ಬಂದು ಕುಳಿತಳು. “ನ-ನಮಸ್ಕಾರ,” ಎಂದಳು. ಇಸ್ತ್ರಿ ಸರ್ ಕುರ್ಚಿಯಲ್ಲಿ ಕದಲಿದರು. ನಾನು ತಗ್ಗಿದ ದನಿಯಲ್ಲಿ ಪರೀಕ್ಷಕಿಯ ಕಿವಿಗೆ ಎಲ್ಲವನ್ನೂ ದಾಟಿಸುತ್ತ ಹೋದೆ.

ಕಂಡಕ್ಟರ್ ನಿಲ್ದಾಣಗಳನ್ನು ಒಂದೊಂದಾಗಿ ಹೇಳತೊಡಗಿದ. ನಡುವೆ ಒಂದು ಹೆಸರಿನ ಮೊದಲ ಅಕ್ಷರ ಅವನ ಗಂಟಲಲ್ಲಿ ಕಚ್ಚಿಕೊಂಡಿತು. ಮುಖ ಕೆಂಪಾಯಿತು. ಅಪ್ಪ ಎಂದಿನಂತೆ ಬಾಯಿ ತೆರೆದ. ಚಿಕ್ಕಮ್ಮ ಅವನತ್ತ ಅಂಗೈ ಎತ್ತಿ ಹಿಡಿದಳು.

“ತ-ತಡೀರಿ. ಅದು ಅವರ ಮಾ-ಮಾತು.”

ಅಪ್ಪ ತೆರೆದ ಬಾಯಿಯನ್ನು ಹಾಗೇ ಬಿಟ್ಟುಕೊಂಡು ಕುಳಿತ. ಇತ್ತ ಕತ್ತಲೆಯಲ್ಲಿ ಇಸ್ತ್ರಿ ಸರ್ ತಮ್ಮಷ್ಟಕ್ಕೆ ಗೊಣಗಿದರು: “ಇವಳನ್ನು ಪಾಸು ಮಾಡಿದ್ರೆ ನಮ್ಮ ವಿಭಾಗದ ಮಾನ ಮೂರಾಬಟ್ಟೆ.”

ನಾನು ಅದನ್ನು ಪರೀಕ್ಷಕಿಗೆ ಹೇಳಿದೆ. ಪದಕ್ಕೆ ಪದ, ಮೂರಾಬಟ್ಟೆಗೆ ಸರಿಯಾದ ಪದವನ್ನೂ ಹುಡುಕಿ ಹೇಳಿದೆ. ಆಕೆ ತಿರುಗಿ ಇಸ್ತ್ರಿ ಸರ್‌ ಮುಖವನ್ನೇ ನೋಡಿದರು.

“ಅದನ್ನು ಯಾಕಮ್ಮಾ ಹೇಳಿದೆ?” ಎಂದರು ಸರ್.

“ಒಂದು ಮಾತು ಬಿಡಬಾರದು ಅಂದ್ರಲ್ಲ ಸರ್.” ಇದನ್ನೂ ಆಕೆಗೆ ಹೇಳಿದೆ. ನಾನು ಮೊದಲೇ ಓದಿ ಹೇಳಿದ್ದ ರೋಗಿಯ ವರದಿಯ ಮೇಲೆ ಬೆರಳಿಟ್ಟು ಆಕೆ ಒಂದು ಪ್ರಶ್ನೆ ಕೇಳಿದರು. ಅದನ್ನು ಇತ್ತ ತಂದೆ: “ಕೆಲಸ ಹೋಗೋ ಹಂತದಲ್ಲಿದ್ದ ಕಂಡಕ್ಟರ್ ಈಗಲೂ ಕೆಲಸದಲ್ಲಿದ್ದಾನೆ ತಾನೇ, ಇದರಲ್ಲಿ ಹೋದ ಮಾನ ಯಾರದು ಅಂತ ಕೇಳ್ತಿದ್ದಾರೆ ಸರ್.”

ಗಾಜಿನಾಚೆ ಕಂಡಕ್ಟರ್ ಆ ನಿಲ್ದಾಣದ ಹೆಸರನ್ನು ಪೂರ್ತಿ ಹೇಳಿ ಮುಗಿಸಿದ. ಮಗನ ಬಾಯಿಂದ ಆ ಹೆಸರು ಹೊರಬರುವುದನ್ನು ಅಪ್ಪ ಅಷ್ಟು ಹತ್ತಿರದಿಂದ ಎಂದೂ ಕೇಳಿರಲಾರ. ಹೊರಗಿನ ಪರೀಕ್ಷಕಿ ಪೆನ್ನು ತೆಗೆದು ಸಹಿ ಹಾಕಿ, ಹಾಳೆಯನ್ನು ಸರ್ ಮುಂದೆ ತಳ್ಳಿದರು.

ಅಪ್ಪ ಮಗ ಹೋದ ಮೇಲೆ ನಾವು ಮೂವರೂ ಆ ಕೋಣೆಗೆ ಹೋದೆವು. ಚಿಕ್ಕಮ್ಮ ಕುಳಿತೇ ಇದ್ದಳು. ಇಸ್ತ್ರಿ ಸರ್ ಪೆನ್ನನ್ನು ಬೆರಳುಗಳ ನಡುವೆ ತಿರುಗಿಸಿದರು. ಕೆಟ್ಟವರಲ್ಲ ಅವರು, ದಾರಿ ಹುಡುಕುತ್ತಿದ್ದರು, ತಮಗೆ ಅನುಕೂಲವಾದ ದಾರಿ.

“ನಿಯಮ ಮುರಿದೆ ಅಂತ ಆಗಬಾರದು ನೋಡು. ಹೆಚ್ಚೇನೂ ಕೇಳಲ್ಲ. ನಾಟಕದ ದನೀಲಿ ನಿನ್ನ ಹೆಸರೊಂದು ಹೇಳಿಬಿಡು. ತಡೆಯದೆ ಬಂತು ಅಂತ ಬರೆದು ಸಹಿ ಹಾಕ್ತೀನಿ.”

ಚಿಕ್ಕಮ್ಮನಿಗೆ ಲೋಕದಲ್ಲೇ ಅತಿ ಕಷ್ಟದ ಮಾತೆಂದರೆ ಅವಳ ಹೆಸರು. ಫೋನಿನಲ್ಲಿ ಯಾರಾದರೂ ಕೇಳಿದರೆ ಅಮ್ಮನ ಹೆಸರನ್ನೋ ನನ್ನ ಹೆಸರನ್ನೋ ಹೇಳಿ ಪಾರಾಗುತ್ತಿದ್ದಳು. ಮಹಾರಾಣಿಯ ದನಿಯಲ್ಲಾದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತಿತ್ತು. ಹೇಳಿಬಿಡೇ, ಒಂದು ಸಲ ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ಅವಳು ಕೈಗಳನ್ನು ಮೇಜಿನ ಮೇಲಿಟ್ಟು, ನೆಟ್ಟಗೆ ಕುಳಿತು, ತನ್ನ ದನಿಯಲ್ಲೇ ಶುರು ಮಾಡಿದಳು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಳು. ಕುತ್ತಿಗೆಯ ನರ ಉಬ್ಬಿತು, ತುಟಿ ಅದುರಿತು, ಕಣ್ಣು ಮಾತ್ರ ಸರ್ ಮುಖ ಬಿಟ್ಟು ಕದಲಲಿಲ್ಲ. ಸರ್‌ಗೆ ತಡೆಯಲಾಗಲಿಲ್ಲ. ಅವಳ ಹೆಸರನ್ನು ಅವರೇ ಮುಗಿಸಿಕೊಟ್ಟರು.

ಚಿಕ್ಕಮ್ಮ ಬಾಯಿ ಮುಚ್ಚಿದಳು. “ನ-ನಡುವೆ ಬಾಯಿ ಹಾಕಿದ್ರಿ ಸರ್. ಮ-ಮತ್ತೆ ಮೊದಲಿಂದ.”

ಮತ್ತೆ ಮೊದಲಿಂದ ಶುರು ಮಾಡಿದಳು. ಅರ್ಧ ದಾಟಿದಳು. ಉಳಿದರ್ಧ ಸರ್ ಬಾಯಿಂದ ತಾನಾಗಿ ಜಾರಿಬಿತ್ತು. ಆಮೇಲೆ ಅವರೇ ಬೆಚ್ಚಿ ತುಟಿ ಕಚ್ಚಿಕೊಂಡರು.

“ಮ-ಮತ್ತೆ ಮೊದಲಿಂದ,” ಎಂದಳು.

ನಾನು ಅನುವಾದ ಮಾಡುವುದನ್ನು ಯಾವಾಗಲೋ ನಿಲ್ಲಿಸಿದ್ದೆ, ಹೊರಗಿನ ಪರೀಕ್ಷಕಿಯೂ ಕೇಳಲಿಲ್ಲ. ಈ ಸಲ ಸರ್ ಪೆನ್ನನ್ನು ಕೆಳಗಿಟ್ಟು ಎರಡೂ ಕೈ ಕಟ್ಟಿಕೊಂಡರು. ಹಣೆಯಲ್ಲಿ ಬೆವರು ಮೂಡಿತು, ಇಸ್ತ್ರಿ ಮಾಡಿದ ಕಾಲರಿಗೆ ಇಳಿಯಿತು. ಚಿಕ್ಕಮ್ಮ ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರವನ್ನು ಗುದ್ದಾಡಿ ಹೊರಗೆ ತಂದು ತನ್ನ ಹೆಸರನ್ನು ಹೇಳಿ ಮುಗಿಸಿದಳು. ಯಾರೂ ಕೇಳದಿದ್ದರೂ ಅದರ ಜೊತೆಗೆ ತನ್ನ ಅಪ್ಪನ, ಎಂದರೆ ತಾತನ, ಹೆಸರನ್ನೂ ಸೇರಿಸಿದಳು. ಅದು ಬಹಳ ಉದ್ದದ ಹೆಸರು. ಇಸ್ತ್ರಿ ಸರ್ ಕೊನೆಯ ಅಕ್ಷರದವರೆಗೂ ತುಟಿ ಬಿಚ್ಚಲಿಲ್ಲ. ಆಮೇಲೆ ಪೆನ್ನು ಎತ್ತಿಕೊಂಡು, ‘ತಡೆದು ಬಂತು’ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದರು.